ತಿಪ್ಪೆಯಲ್ಲೂ ಎರಡು ಪಕ್ಷ

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಒಂದು ಇಂದೂರು ಪಕ್ಷ. ಅದರ ಅಧ್ಯಕ್ಷರು, ಕಾರ್ಯದರ್ಶಿ, ಏಕೈಕ ಸದಸ್ಯರು ಎಲ್ಲಾ ನಮ್ಮನೆಯವರೇ. ಇನ್ನೊಂದು ಬೆಂಗಳೂರು ಪಕ್ಷ, ಅದು ನಾನು. ನಮ್ಮತ್ತೆ ಪಕ್ಷೇತರರು. ಆದರೆ ಯಾರ ಸರ್ಕಾರ ಬಂದರೂ ಅವರ ಬೆಂಬಲವಿಲ್ಲದೆ ಒಂದು ದಿನವೂ ನಡೆಯೋದಿಲ್ಲ ಅನ್ನಿ.

ಜಗಳ ಓಟಿಗಲ್ಲ, ಗೊಬ್ಬರಕ್ಕೆ. ಹಿತ್ತಲ ಗುಂಡಿಗೆ ಹಾಕಿದ ಕಸವನ್ನ ಆಗಾಗ ತಿರುವಿ ಹಾಕಬೇಕೋ, ಇಲ್ಲಾ ಮುಚ್ಚಿ ಸುಮ್ಮನೆ ಬಿಟ್ಟುಬಿಡಬೇಕೋ? ಇಷ್ಟೇ ವಿಷಯ. ಇಷ್ಟಕ್ಕೆ ಭಾನುವಾರದ ಬೆಳಗು ಹಾಳು ಮಾಡಿಕೋಬೇಕಾ ಅಂತ ನಿಮಗನ್ನಿಸಬಹುದು. ನಮ್ಮನೆಯವರ ಹತ್ತಿರ ಮಾತ್ರ ಹಾಗನ್ನಬೇಡಿ. ಅವರು ತಕ್ಷಣ ಆಲ್ಬರ್ಟ್ ಹೋವರ್ಡ್ ಸಾಹೇಬರನ್ನ ಕರೆದುಕೊಂಡು ಬಂದು ನಿಮ್ಮ ಮುಂದೆ ಕುರ್ಚಿ ಹಾಕಿ ಕೂರಿಸಿಬಿಡ್ತಾರೆ.

ಹೋವರ್ಡ್ ಅಂದ್ರೆ ಗೊತ್ತಲ್ವಾ, 1924ರಿಂದ 1931ರವರೆಗೆ ಇಂದೂರಿನಲ್ಲಿ ಕೂತು ಹತ್ತಿ ಕಡ್ಡಿ, ಕಳೆ, ಸಗಣಿ, ಗಂಜಲ ನೆನೆದ ಕೊಟ್ಟಿಗೆ ಮಣ್ಣು, ಒಲೆ ಬೂದಿ ಇವನ್ನೆಲ್ಲ ಪದರ ಪದರವಾಗಿ ಗುಂಡಿಗೆ ಹಾಕಿ, ಲೆಕ್ಕ ಬರೆದಿಟ್ಟುಕೊಂಡ ಮನುಷ್ಯ. ಮೂರು ಸಲ ತಿರುವಿ ಹಾಕಬೇಕು, ಮೂರು ತಿಂಗಳಿಗೆ ಗೊಬ್ಬರ ಸಿದ್ಧ, ಅದು ಅವರ ಇಂದೂರು ವಿಧಾನ. 1931ರಲ್ಲಿ ಯಶವಂತ ವಾಡ್ ಅನ್ನೋ ಸಹೋದ್ಯೋಗಿ ಜೊತೆ ಸೇರಿ ಅದರ ಮೇಲೊಂದು ಪುಸ್ತಕವನ್ನೂ ತಂದರು. ಕೃಷಿ ಕಲಿಸೋಕೆ ಅಂತ ಹಡಗು ಹತ್ತಿ ಬಂದ ಸಾಹೇಬರು ಇಲ್ಲಿನ ರೈತರನ್ನೂ ಬೆಳೆ ತಿನ್ನೋ ಹುಳುಗಳನ್ನೂ ತನಗೆ ಪಾಠ ಹೇಳಿದ ಪ್ರೊಫೆಸರುಗಳು ಅಂದುಕೊಂಡರು ನೋಡಿ, ಆ ಒಂದು ಮಾತಿಗೆ ನನಗೂ ಅವರ ಮೇಲೆ ಗೌರವ ಇದೆ. ಆದರೆ ತಿರುವಿ ಹಾಕೋಕೆ ಇಂದೂರಿನಲ್ಲಿ ಅವರಿಗೆ ಆಳುಗಳಿದ್ದರು. ನಮ್ಮನೇಲಿ ಇರೋದು ನಮ್ಮನೆಯವರ ಸೊಂಟ. ಅದು ಆಗಲೇ ಒಂದ್ಸಲ ಹಿಡಿದುಕೊಂಡು ಮಹಾನಾರಾಯಣ ತೈಲದ ಬಾಟ್ಲಿ ಖಾಲಿ ಮಾಡಿದೆ.

ಇನ್ನು ನನ್ನ ಪಕ್ಷ. ಇದಕ್ಕೆ ಬೆಂಗಳೂರು ವಿಧಾನ ಅಂತಲೇ ಹೆಸರು. 1939ರಲ್ಲಿ ಅಲ್ಲಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ಎನ್. ಆಚಾರ್ಯ ಅನ್ನೋರು ರೂಪಿಸಿದ್ದು. ಊರಿನ ಕಸ, ಹೊಲಸು ಎಲ್ಲ ಉದ್ದನೆ ಕಾಲುವೆಗೆ ಪದರ ಪದರವಾಗಿ ತುಂಬಿ, ಮೇಲೆ ಕೆಸರುಮಣ್ಣಿನಲ್ಲಿ ಸಾರಿಸಿ ಬಿಟ್ಟುಬಿಡೋದು. ಆರೆಂಟು ತಿಂಗಳು ಆ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ತಿರುವೋ ಕೆಲಸ ಇಲ್ಲ, ನೀರು ಚಿಮುಕಿಸೋ ಕೆಲಸ ಇಲ್ಲ. ಮೇಲೆ ಮುಚ್ಚಿರೋದ್ರಿಂದ ಸಾರಜನಕ ಗಾಳಿಗೆ ಹಾರಿಹೋಗೋದೂ ಕಮ್ಮಿ. ತಿಪ್ಪೆ ಸಾರಿಸೋದು ಅಂದ್ರೆ ಬಯ್ಗುಳ ಅಂದುಕೊಂಡಿದ್ದೀವಿ. ಅದನ್ನ ವಿಜ್ಞಾನ ಅಂತ ಮಾಡಿ ತೋರಿಸಿದ್ದು ನಮ್ಮ ಬೆಂಗಳೂರು! ಸೋಮಾರಿಗಳ ವಿಧಾನ ಅಂತ ನಮ್ಮನೆಯವರು ಮೂಗು ಮುರೀತಾರೆ. ಮುರೀಲಿ ಬಿಡಿ. ಮಣ್ಣಿನೊಳಗೆ ಕೋಟಿ ಕೋಟಿ ಜೀವ ಪುಕ್ಕಟೆ ಕೆಲಸ ಮಾಡ್ತಿರುವಾಗ ನಾನ್ಯಾಕೆ ಗುದ್ದಲಿ ಹಿಡಿದು ಅಡ್ಡ ಹೋಗಲಿ, ಅಲ್ವಾ?

ಇಂದೂರು ಅಂದ ಕೂಡಲೇ ನನಗೆ ಸ್ವಲ್ಪ ಉರಿಯೋದಕ್ಕೆ ಬೇರೆ ಕಾರಣವೂ ಇದೆ. ಮೈಸೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ನಾವೇ ಮೊದಲು. ಆಟೋದವರು ಕೂಡ ಬಾಡಿಗೆ ಕೇಳುವಾಗ ಒಂಥರಾ ಗತ್ತಿನಲ್ಲಿ ಕೇಳ್ತಿದ್ದ ಕಾಲ ಅದು. 2017ರಲ್ಲಿ ಎಲ್ಲಿತ್ತೋ ಏನೋ, ಇಂದೂರು ಬಂದು ಆ ಜಾಗದಲ್ಲಿ ಕೂತಿತು. ನಾವು ಐದಕ್ಕಿಳಿದೆವು. ಆಮೇಲೆ ಆ ಊರು ವರ್ಷಗಟ್ಟಲೆ ಅಲ್ಲೇ ಕೂತುಬಿಟ್ಟಿತು, ಏಳೋ ಲಕ್ಷಣವೇ ಕಾಣಲಿಲ್ಲ. ಅಂಥದ್ದರಲ್ಲಿ ನನ್ನ ಗಂಡನೇ ನನ್ನ ಹಿತ್ತಲಲ್ಲೇ ಇಂದೂರಿಗೆ ಜೈ ಅಂದ್ರೆ ಹೊಟ್ಟೆ ಉರಿಯೋದಿಲ್ವಾ ಹೇಳಿ?

ನಾನು ಹುಟ್ಟಿ ಬೆಳೆದದ್ದು ತಿಪಟೂರು ಕಡೆ. ಅಲ್ಲಿ ಗೊಬ್ಬರಕ್ಕೆ ವಿಧಾನ ಗಿಧಾನ ಅಂತ ಇರಲಿಲ್ಲ, ತಿಪ್ಪೆ ಇತ್ತು. ಊರ ಹೊರಗೆ ಸಾಲಾಗಿ, ಮನೆಗೊಂದು. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಮಂಕರಿ ತಲೆಮೇಲಿಟ್ಟುಕೊಂಡು ಹೋಗಿ ಸುರಿದು ಬಂದರೆ ಮುಗೀತು. ಸಗಣಿ, ದನ ತಿಂದು ಬಿಟ್ಟ ಹುಲ್ಲು, ರಾಗಿ ತರಿ, ಬೂದಿ, ಮನೆ ಗುಡಿಸಿದ ಕಸ ಎಲ್ಲ ಅಲ್ಲಿಗೇ. ಪ್ಲಾಸ್ಟಿಕ್ ಅನ್ನೋ ಪದಾರ್ಥ ಇನ್ನೂ ಮನೆಯೊಳಗೆ ಕಾಲಿಟ್ಟಿರಲಿಲ್ಲವಲ್ಲ, ಬೇರ್ಪಡಿಸೋ ತಾಪತ್ರಯವೇ ಇರಲಿಲ್ಲ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಗೊಬ್ಬರ ಹೊಡೆದು, ಗುಪ್ಪೆ ಗುಪ್ಪೆ ಹಾಕಿಬಿಟ್ಟರೆ ಮಳೆ ಬರೋದನ್ನ ಕಾಯೋದು. ಹೆಣ್ಣು ಕೊಡೋಕೆ ಬಂದವರು ಮನೆ ನೋಡೋಕ್ಕಿಂತ ಮುಂಚೆ ತಿಪ್ಪೆ ನೋಡ್ತಿದ್ದರು ಅಂತ ಅಜ್ಜಿ ಹೇಳೋರು. ತಿಪ್ಪೆ ದೊಡ್ಡದಿದ್ದರೆ ದನ ಜಾಸ್ತಿ, ದನ ಜಾಸ್ತಿ ಇದ್ದರೆ ಹಾಲುಮೊಸರಿಗೆ ತೊಂದರೆ ಇಲ್ಲ. ಈಗಿನವರು ಸಂಬಳದ ಸ್ಲಿಪ್ ಕೇಳ್ತಾರೆ. ಸ್ಲಿಪ್ ನೋಡಿದರೆ ಹಾಲು ಕಾಣುತ್ತಾ?

ತಿಪ್ಪೆ ಜಗಳಗಳೂ ಏನು ಕಮ್ಮಿ ಇರಲಿಲ್ಲ. ಒಬ್ಬರ ತಿಪ್ಪೆ ಇನ್ನೊಬ್ಬರ ತಿಪ್ಪೆ ಮೇಲೆ ಒಂದು ಮೊಳ ಜರುಗಿತು ಅಂತ ಪಂಚಾಯ್ತಿ ಸೇರಿದ್ದುಂಟು. ದೀಪಾವಳಿ ಬಂತು ಅಂದ್ರೆ ಅದೇ ತಿಪ್ಪೆಗೆ ಪೂಜೆ. ಬಲಿಪಾಡ್ಯಮಿ ದಿನ ಸಗಣಿಯಲ್ಲಿ ಬೆನಕನ್ನ ಮಾಡಿ, ಹುಚ್ಚೆಳ್ಳು ಹೂವು, ಚೆಂಡು ಹೂವು ಸಿಕ್ಕಿಸಿ, ಹೊಸಿಲಿಗಿಟ್ಟ ಮೇಲೆ ತಿಪ್ಪೆಗೂ ಒಂದಿಟ್ಟು ದೀಪ ಹಚ್ಚಿ ಬರೋರು. ಹುಟ್ಟಿದ ಮಕ್ಕಳು ಉಳೀತಿಲ್ಲ ಅನ್ನೋ ಮನೆಯವರು ಹಸುಗೂಸನ್ನ ಒಂದು ಗಳಿಗೆ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಬಂದು, ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡೋದೂ ಇತ್ತು. ಯಮನಿಗೆ ಇದು ಕಸ, ಇದನ್ನ ತಗೊಂಡೇನು ಪ್ರಯೋಜನ ಅನ್ನಿಸಲಿ ಅಂತ. ಚಿತ್ರದುರ್ಗದ ಕಡೆ ಹೋದರಂತೂ ತಿಪ್ಪೇಸ್ವಾಮಿಗಳಿಗೆ ಲೆಕ್ಕವಿಲ್ಲ. ಅದು ಚಳ್ಳಕೆರೆ ತಾಲ್ಲೂಕು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಪ್ರಭಾವ, ಕೆರೆ ಕಟ್ಟಿಸಿದ ಪುಣ್ಯಾತ್ಮ.

ಎಲ್ಲಿದ್ದೆ? ಹಾಂ, ಗುಂಡಿ.

ಒಳಗೆ ಏನು ಹಾಕ್ತೀರಿ ಅಂತ ಎಲ್ಲರೂ ಕೇಳ್ತಾರೆ. ಏನು ಹಾಕಬಾರದು ಅಂತ ಕೇಳೋದೇ ಸುಲಭ. ನಮ್ಮ ಗುಂಡಿಗೂ ಋತುಮಾನ ಉಂಟು. ಧನುರ್ಮಾಸದಲ್ಲಿ ಅವರೆಕಾಯಿ ಶುರುವಾಯಿತೋ, ಸಿಪ್ಪೆಯ ಬೆಟ್ಟವೇ ಬೀಳುತ್ತೆ. ಸುಲಿದ ಸಿಪ್ಪೆ ಒಂದು ಕಡೆಯಾದರೆ ಹಿತಕಿದವರೆಗೆ ನೆನೆಹಾಕಿ ಹಿತುಕಿದ ಮೇಲೆ ಉಳಿಯೋ ಜುಂಜಲು ಇನ್ನೊಂದು ಕಡೆ. ಎರಡು ಕೇಜಿ ಕಾಯಿ ತಂದರೆ ಒಂದು ಪಾವು ಕಾಳು, ಒಂದು ಮಂಕರಿ ಸಿಪ್ಪೆ. ನಿಜವಾಗಿ ಅವರೆಕಾಯಿ ಅನ್ನೋದು ಗೊಬ್ಬರದ ಬೆಳೆ, ಮಧ್ಯೆ ಒಂದಿಷ್ಟು ಸಾರಿಗೂ ಸಿಗುತ್ತೆ ಅಷ್ಟೆ. ಸಂಕ್ರಾಂತಿಗೆ ಕಬ್ಬಿನ ಸಿಪ್ಪೆ, ಬೇಸಿಗೆಗೆ ಮಾವಿನ ಓಟೆ, ಆಷಾಢದವರೆಗೂ ಹಲಸಿನ ಸಿಪ್ಪೆ, ಗೌರಿಗಣೇಶ ಆದಮೇಲೆ ಬಾಳೆಕಂದು, ಆಯುಧಪೂಜೆ ಮಾರನೇ ದಿನ ಒಡೆದ ಬೂದುಗುಂಬಳ. ಬೀದಿಯಲ್ಲಿ ಬಿದ್ದ ಬೂದುಗುಂಬಳಕಾಯಿ ಹೋಳನ್ನ ಮಾತ್ರ ಎತ್ತಿಕೊಂಡು ಬರಬೇಡಿ ಅಂತ ಅತ್ತೆ ಕಟ್ಟಪ್ಪಣೆ ಮಾಡಿದ್ದಾರೆ. ಯಾರ ದೃಷ್ಟಿ ಯಾರ ಬದನೆಗಿಡಕ್ಕೆ ತಗುಲುತ್ತೋ! ಇನ್ನು ಕಾಫಿ ಚರಟ, ಅದು ದಿನಾ ಎರಡು ಹೊತ್ತು. ಕಾಫಿ ಬಿಟ್ಟರೂ ಗೊಬ್ಬರ ಬಿಡೋದಿಲ್ಲ ಅನ್ನೋ ಹಾಗಾಗಿದೆ ನಮ್ಮ ಪರಿಸ್ಥಿತಿ.

ಕೊಳೀದೇ ಇರೋ ವಸ್ತುಗಳದ್ದೇ ಬೇರೊಂದು ಕಥೆ. ಗೊಬ್ಬರ ಜರಡಿ ಹಿಡಿದಾಗ ಮೇಲೆ ಉಳಿಯೋದನ್ನ ನೋಡಬೇಕು ನೀವು. ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡು, ಸೇಬಿನ ಮೇಲಿನ ಚೀಟಿ, ಶಾಂಪೂ ಪೊಟ್ಟಣದ ಮೂಲೆ. ಸ್ಟೀಲ್ ಚಮಚವಂತೂ ಖಾಯಂ. ಕೆಲಸದವಳ ಮೇಲೆ ಅನುಮಾನಪಟ್ಟು ಅತ್ತೆ ಗೊಣಗಿದ ಚಮಚಗಳೆಲ್ಲ ಫಳಫಳ ಅಂತ ಗುಂಡಿಯಿಂದ ಎದ್ದು ಬಂದಾಗ ಅತ್ತೆ ಏನೂ ಮಾತಾಡಲಿಲ್ಲ, ಆ ದಿನ ಅವಳಿಗೆ ಒಂದು ಲೋಟ ಕಾಫಿ ಜಾಸ್ತಿ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಕಾಡೋದು ಹೂವಿನ ದಾರ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯಾದರೆ ಹೂವೂ ನಾರೂ ಒಟ್ಟಿಗೇ ಕರಗಿಹೋಗುತ್ತೆ. ಈಗ ಮಾರ್ಕೆಟ್ಟಿನಲ್ಲಿ ಬರೋ ಹಾರಗಳಿಗೆಲ್ಲ ನೈಲಾನ್ ದಾರ. ಹೂವು ಮಣ್ಣಾದರೂ ದಾರ ಮಣ್ಣಾಗೋಲ್ಲ, ಗುದ್ದಲಿಗೆ ಸುತ್ತಿಕೊಂಡು ಪ್ರಾಣ ತಿನ್ನುತ್ತೆ. ಹೂ ಮಾರೋಳನ್ನ ಕೇಳಿದರೆ, ‘ನಾರು ನೆನೆಹಾಕಿ ಸೀಳ್ಕೊಂಡು ಕೂರೋಕೆ ನಂಗೆಲ್ಲಿ ಟೈಮೈತೆ ಕಣಕ್ಕ’ ಅಂತಾಳೆ. ಅದೂ ನಿಜವೇ.

ಹೂವಿನ ಮಾತು ಬಂದದ್ದಕ್ಕೆ ನೆನಪಾಯಿತು. ಮೊದಲ ಗೊಬ್ಬರ ಕೈಗೆ ಬಂದಾಗ ನಮ್ಮನೇಲಿ ಒಂದು ಧರ್ಮಸೂಕ್ಷ್ಮ ಎದ್ದಿತ್ತು. ಈ ಗೊಬ್ಬರವನ್ನ ತುಳಸಿಕಟ್ಟೆಗೆ ಹಾಕಬಹುದೋ ಬಾರದೋ? ಇದರೊಳಗೆ ಎಂಜಲೆಲೆ ಇದೆ, ಈರುಳ್ಳಿ ಸಿಪ್ಪೆ ಇದೆ, ಬೆಳ್ಳುಳ್ಳಿ ಇದೆ, ಮೊಮ್ಮಗಳು ಕದ್ದು ತಿಂದ ಮೊಟ್ಟೆಯ ಚಿಪ್ಪು ಬೇರೆ ಇದೆ. ಎಲ್ಲ ಕೊಳೆತು ಮಣ್ಣಾದಮೇಲೆ ಅದು ಮಣ್ಣಲ್ಲವೇ, ಎಂಜಲು ಎಲ್ಲಿ ಉಳೀತು ಅಂತ ನಮ್ಮನೆಯವರ ವಾದ. ಸಗಣಿ ಕೂಡ ಹಸುವಿನ ಹೊಟ್ಟೆಯಿಂದ ಬಂದದ್ದೇ ಅಲ್ವಾ ಅಂತ ನನ್ನದು. ಅತ್ತೆ ಎರಡೂ ಪಕ್ಷದ ಮಾತು ಕೇಳಿ, ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟರು: ದೇವರ ಮನೆಯ ನಿರ್ಮಾಲ್ಯಕ್ಕೆ ಬೇರೆ ಕುಂಡ, ಅದರ ಗೊಬ್ಬರ ತುಳಸಿಗೆ, ಉಳಿದದ್ದು ಲೋಕಕ್ಕೆ. ಬಿಟ್ಟ ಹೂವನ್ನ ಎಲ್ಲೆಂದರಲ್ಲಿ ಹಾಕಿದರೆ ತುಳಿದಾರು ಅಂತ ಹಿಂದೆ ಹೊಳೆಗೋ ಬಾವಿಗೋ ಬಿಡ್ತಿದ್ದರಲ್ಲ, ಅದಕ್ಕಿಂತ ಇದು ಎಷ್ಟೋ ಮೇಲು. ಆ ಕುಂಡದ ಗೊಬ್ಬರ ನೋಡಬೇಕು ನೀವು, ಕಾಫಿಪುಡಿಯಷ್ಟು ನಯ. ಹೂವಿನಲ್ಲಿ ಗಡಸು ಅನ್ನೋದೇ ಇಲ್ಲವಲ್ಲ, ಬೇಗ ಇಳಿದುಬಿಡುತ್ತೆ.

ಹುಳ ಬೀಳುತ್ತೆ ಅಂತ ಹೆದರೋರೇ ಜಾಸ್ತಿ. ಬೀಳುತ್ತೆ, ಬೀಳದೆ ಏನು. ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಬೂದುಬಣ್ಣದ ಚಪ್ಪಟೆ ಹುಳುಗಳು ಗಿಜಿಗಿಜಿ ಅಂತಿರುತ್ತವೆ. ಅವು ಮನೆನೊಣದ ಮರಿಗಳಲ್ಲ, ಕಪ್ಪಗೆ ಉದ್ದಕ್ಕಿರೋ ಸೈನಿಕ ನೊಣದ ಮರಿಗಳು. ದೊಡ್ಡದಾದ ಮೇಲೆ ಆ ನೊಣ ನಿಮ್ಮ ತಟ್ಟೆ ಹತ್ತಿರ ಸುಳಿಯೋದಿಲ್ಲ, ಕಚ್ಚೋದಿಲ್ಲ. ಮರಿಯಾಗಿದ್ದಾಗ ಮಾತ್ರ ಬಕಾಸುರ. ಒಂದು ಬಕೆಟ್ ಹಸಿಕಸವನ್ನ ನೋಡ್ತಾ ನೋಡ್ತಾ ಮುಕ್ಕಿಬಿಡುತ್ತೆ. ನೋಡೋಕೆ ಅಸಹ್ಯ ಆದರೆ ಮೇಲೆ ಎರಡು ಹಿಡಿ ಒಣಎಲೆ ಹಾಕಿ ಮುಚ್ಚಿ, ಕಣ್ಣಿಗೆ ಕಾಣದಿದ್ದರೆ ಮನಸ್ಸಿಗೂ ಇಲ್ಲ. ಕಸದ ಮೇಲೆ ಬೂದಿ ಬಳಿದ ಥರ ಬೆಳ್ಳಗೆ ಕಾಣಿಸಿದರೂ ಜನ ಬೂಷ್ಟು ಹಿಡೀತು ಅಂತ ಎತ್ತಿ ಎಸೆದುಬಿಡ್ತಾರೆ. ಅಯ್ಯೋ, ಒಳಗೆ ಬಿಸಿಯೆದ್ದು ಕೆಲಸ ಜೋರಾಗಿ ನಡೀತಿದೆ ಅನ್ನೋದಕ್ಕೆ ಗುರುತು ಅದು. ಆಕ್ಟಿನೊಮೈಸೀಟ್ಸ್ ಅಂತ ಅವುಗಳ ಹೆಸರು. ಮೊದಲ ಮಳೆ ಬಿದ್ದಾಗ ಮಣ್ಣಿಂದ ಏಳುತ್ತಲ್ಲ ಘಮ, ಅದೂ ಈ ಬಳಗದವರದ್ದೇ ಕೊಡುಗೆ. ಗೊಬ್ಬರ ಆಗಿದೆಯಾ ಅಂತ ನೋಡೋಕೆ ಯಂತ್ರ ಬೇಡ, ಒಂದು ಹಿಡಿ ಮೂಗಿಗೆ ಹಿಡಿದರೆ ಆ ಘಮ ಬರಬೇಕು. ಬರಲಿಲ್ಲವೋ, ಇನ್ನೂ ಆಗಿಲ್ಲ.

ಒಂದು ಹುಳುವಿನ ಮೇಲೆ ಮಾತ್ರ ನನಗೆ ದಯೆಯಿಲ್ಲ. ಬೆರಳು ಗಾತ್ರ, ಬೆಳ್ಳಗೆ ಕೊಬ್ಬಿ, ಮುದುಡಿಕೊಂಡು ಬಿದ್ದಿರುತ್ತೆ ಗೊಬ್ಬರದ ತಳದಲ್ಲಿ. ಅದು ಕುರುವಾಯಿ ದುಂಬಿಯ ಮರಿ. ತಿಪ್ಪೆಯಲ್ಲಿ ಸಾಧುವಾಗಿ ಬೆಳೆದು, ರೆಕ್ಕೆ ಬಂದಮೇಲೆ ಹೋಗಿ ತೆಂಗಿನ ಸುಳಿ ಕೊರೆಯುತ್ತೆ. ಕೊಬ್ಬರಿ ಊರಿನವಳು ನಾನು, ಸುಮ್ಮನೆ ಬಿಡ್ತೀನಾ? ಅಜ್ಜಿ ಮನೇಲಿ ತಿಪ್ಪೆ ಬಗೆಯೋ ದಿನ ಕೋಳಿಗಳಿಗೆ ಹಬ್ಬ. ಈಗ ಮೈಸೂರಿನಲ್ಲಿ ಕೋಳಿ ಎಲ್ಲಿಂದ ತರಲಿ, ಆಯ್ದು ಗೋಡೆ ಮೇಲಿಟ್ಟರೆ ಕೆಂಬೂತ ಬಂದು ತಗೊಂಡು ಹೋಗುತ್ತೆ. ಹೆಗ್ಗಣದ ಕಾಟಕ್ಕೂ ಮದ್ದು ಅಂಥದ್ದೇನಿಲ್ಲ. ಅನ್ನ, ಮುದ್ದೆ ಮಿಕ್ಕದ್ದನ್ನ ಹಾಗೇ ಮೇಲೆ ಸುರೀಬೇಡಿ, ನಡುವಿಗೆ ಹೂಳಿ. ಎಣ್ಣೆ ಪದಾರ್ಥ ಹಾಕಲೇಬೇಡಿ. ಮಾಂಸ, ಮೀನಿನ ಮುಳ್ಳು ಹಾಕೋರಿದ್ದರೆ ಆಳಕ್ಕೆ, ಮೇಲೆ ಚಪ್ಪಡಿ ಎಳೆದುಬಿಡಿ.

ಮಗಳಿರೋದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಅಲ್ಲೊಂದು ಯಂತ್ರ ತಂದಿದ್ದಾರಂತೆ, ಬೆಳಿಗ್ಗೆ ಕಸ ಹಾಕಿದರೆ ಮಾರನೇ ಬೆಳಿಗ್ಗೆ ಗೊಬ್ಬರ. ಒಂದು ಡಬ್ಬಿ ಕಳಿಸಿದ್ದಳು. ಮುಟ್ಟಿ ನೋಡಿದೆ, ಮೂಸಿ ನೋಡಿದೆ. ಸಾಂಬಾರಿನ ವಾಸನೆ! ಕಾಯಿಸಿ, ಒಣಗಿಸಿ, ಪುಡಿ ಮಾಡಿದ ತರಕಾರಿ ಸಿಪ್ಪೆ ಅದು. ನೀರು ಚಿಮುಕಿಸಿ ಇಟ್ಟೆ, ಬೂಷ್ಟು ಹಿಡೀತು. ಕೊಳೆಯೋ ಕೆಲಸ ಆಗ ಶುರುವಾಯಿತು ಅನ್ನಿ. ಒಂದು ದಿನದಲ್ಲಿ ಗೊಬ್ಬರ ಆಗೋದಾದರೆ ಒಂಬತ್ತು ದಿನದಲ್ಲಿ ಕೂಸು ಹುಟ್ಟಬೇಕಿತ್ತು ಅಂತ ಅತ್ತೆ ಅಂದರು. ಫ್ಲಾಟಿನವರಿಗೆ ಅದಕ್ಕಿಂತ ಮಣ್ಣಿನ ಮಡಕೆಯೇ ವಾಸಿ. 2006ರಲ್ಲಿ ಬೆಂಗಳೂರಿನ ಪೂನಂ ಬೀರ್ ಕಸ್ತೂರಿ ಅನ್ನೋರು ಡೈಲಿ ಡಂಪ್ ಶುರುಮಾಡಿ ಒಂದರ ಮೇಲೊಂದು ಕೂರೋ ಕುಂಬಾರರ ಮಡಕೆಗಳನ್ನ ಮನೆಮನೆಗೆ ತಂದರಲ್ಲ, ಅದು ಬುದ್ಧಿವಂತಿಕೆ. ಮಡಕೆ ಉಸಿರಾಡುತ್ತೆ, ಹೆಚ್ಚಿನ ನೀರನ್ನ ಹೀರಿಕೊಳ್ಳುತ್ತೆ. ಅದರ ಜೊತೆಗೆ ಸೂಕ್ಷ್ಮಜೀವಿ ಪುಡಿ, ವಾಸನೆ ಪುಡಿ, ಆ ಪುಡಿ ಈ ಪುಡಿ ಅಂತ ಕೊಳ್ಳೋದು ಮಾತ್ರ ದಂಡ. ಎರಡು ಸೌಟು ಹುಳಿಮಜ್ಜಿಗೆ, ಇಲ್ಲಾ ಹಳೇ ಗೊಬ್ಬರ ಒಂದು ಬೊಗಸೆ ಹಾಕಿದರೆ ಬೇಕಾದ ಜೀವಿಗಳೆಲ್ಲ ನೆಂಟರಿಷ್ಟರ ಸಮೇತ ಬಂದಿಳೀತಾವೆ.

ದಸರಾದಲ್ಲಿ ಅರಮನೆ ಆವರಣಕ್ಕೆ ಆನೆಗಳು ಬಂದು ಇಳಿಯುತ್ತವಲ್ಲ, ಆಗ ನನ್ನ ಕಣ್ಣು ಅಂಬಾರಿ ಮೇಲಿರೋಲ್ಲ. ಬಿಸಿ ಲದ್ದಿ ತುಳಿದರೆ ಕಾಲಿಗೆ ಒಳ್ಳೇದು ಅಂತ ಮಕ್ಕಳನ್ನ ಎತ್ತಿಕೊಂಡು ಹೋಗಿ ತುಳಿಸೋರು ಇದ್ದಾರೆ. ನಾನು ನೋಡೋದು ಬೇರೆ ಲೆಕ್ಕ. ಆನೆ ತಿಂದದ್ದರಲ್ಲಿ ಅರ್ಧವನ್ನೂ ಅರಗಿಸಿಕೊಳ್ಳೋಲ್ಲ. ಹಾಗಾಗಿ ಲದ್ದಿ ಅಂದ್ರೆ ಬರೀ ನಾರು, ಗುಂಡಿಗೆ ಹೇಳಿ ಮಾಡಿಸಿದ್ದು. ‘ಒಂದು ಚೀಲ ಕೇಳಿ ನೋಡಿ’ ಅಂತ ನಮ್ಮನೆಯವರನ್ನ ತಿವಿದರೆ, ಅವರು ನನಗೂ ಈಕೆಗೂ ಸಂಬಂಧವೇ ಇಲ್ಲ ಅನ್ನೋ ಮುಖ ಮಾಡಿಕೊಂಡು ಕಡಲೆಕಾಯಿ ತಿನ್ನುತ್ತಾ ಮುಂದೆ ಹೋಗಿಬಿಡ್ತಾರೆ.

ಆದರೂ ಒಂದು ವಿಷಯದಲ್ಲಿ ನಮ್ಮ ಎರಡು ಪಕ್ಷಕ್ಕೂ ಒಮ್ಮತ ಇದೆ: ಒಣಎಲೆ. ಇಂದೂರಾಗಲಿ ಬೆಂಗಳೂರಾಗಲಿ, ಒಣಎಲೆ ಇಲ್ಲದಿದ್ದರೆ ಗುಂಡಿ ನಾರುತ್ತೆ. ಅಡುಗೆಮನೆ ಕಸದಲ್ಲಿ ನೀರೂ ಸಾರಜನಕವೂ ತುಂಬಿರುತ್ತೆ, ಎಲೆಯಲ್ಲಿ ಇಂಗಾಲ. ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಇರಬೇಕು ಅಂತ ಪುಸ್ತಕದ ಲೆಕ್ಕ. ತಕ್ಕಡಿ ಹಿಡಿದು ಕೂರೋರು ಯಾರು? ಒಂದು ಬೋಗುಣಿ ಹಸಿಕಸಕ್ಕೆ ಎರಡು ಬೋಗುಣಿ ಒಣಎಲೆ, ಮುಗೀತು. ಮೂಗು ಚುರುಗುಟ್ಟೋ ಅಮೋನಿಯಾ ವಾಸನೆ ಬಂದರೆ ಇನ್ನಷ್ಟು ಎಲೆ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿಯಾಗಿ ಗಾಳಿ ಆಡ್ತಿಲ್ಲ ಅಂತ, ಆಗ ಕೂಡ ಎಲೆಯೇ, ಮೇಲೊಂದು ಸಲ ಕೋಲಿನಲ್ಲಿ ಕೆದಕೋದು. (ಇದನ್ನೇ ಇಂದೂರು ಪಕ್ಷದವರು ತಿರುವಿದ ಹಾಗಾಯಿತಲ್ಲ ಅಂತ ಹಲ್ಲು ಕಿರೀತಾರೆ. ಕೆದಕೋದು ಬೇರೆ, ತಿರುವೋದು ಬೇರೆ.) ಮಾವಿನೆಲೆ, ತೇಗದೆಲೆ ಸ್ವಲ್ಪ ಮೊಂಡು, ಬೇಗ ಕರಗೋಲ್ಲ, ಪುಡಿ ಮಾಡಿ ಹಾಕಬೇಕು. ಹೊಂಗೆ ಎಲೆಗೆ ಸಮ ಯಾವುದೂ ಇಲ್ಲ.

ಎಲೆಯ ಬೆಲೆ ಗೊತ್ತಿರೋರು ಮಲೆನಾಡಿನವರು. ನನ್ನ ಕಾಲೇಜು ಗೆಳತಿ ಶಿರಸಿ ಕಡೆಯವಳು. ಅವರ ಅಡಿಕೆ ತೋಟಕ್ಕೆ ಅಂಟಿಕೊಂಡು ಸೊಪ್ಪಿನಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಹಕ್ಕು ಅದು, ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದ್ರೆ ಉದುರಿದ ಒಣಎಲೆ, ತಂದು ಕೊಟ್ಟಿಗೆಗೆ ಹಾಸೋದು, ದನ ತುಳಿದು ಗಂಜಲ ಬೆರೆತದ್ದು ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಯೋಚನೆ ಮಾಡಿ, ಒಂದು ಎಕರೆ ಹಸಿರಾಗಿರೋಕೆ ಒಂಬತ್ತು ಎಕರೆ ಎಲೆ! ದರಕಿಗೆ ಬೆಂಕಿ ಬಿತ್ತು ಅಂದ್ರೆ ಊರೇ ಎದ್ದು ಓಡುತ್ತಂತೆ. ಅಂಥವಳು ಒಂದ್ಸಲ ಮೈಸೂರಿಗೆ ಬಂದವಳು ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಲೆಗುಡ್ಡೆಗಳು ಹೊಗೆಯಾಡೋದನ್ನ ನೋಡಿ, ‘ಎಂತದ್ರೇ ಇದು, ನೋಟು ಸುಡ್ತಾ ಇದ್ದಾರಲೆ’ ಅಂದಳು. ಬಯಲಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ದರು. ನಿಯಮ ಯಾರು ಓದ್ತಾರೆ ಬಿಡಿ.

ನಮ್ಮಲ್ಲಿ ಎಲೆ ಸುಟ್ಟು, ಅದೇ ವಾರ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಕೋಕೋಪೀಟು ಇಟ್ಟಿಗೆ ತರೋರು ಬೇಕಾದಷ್ಟು ಜನ. ಇದಕ್ಕೇನನ್ನೋದು?

ಗೊಬ್ಬರ ಆದಮೇಲೆ ಬಳಸೋದರಲ್ಲಿ ಅಂಥ ಮರ್ಮವೇನಿಲ್ಲ, ಅವಸರ ಬೇಡ ಅಷ್ಟೆ. ಅರ್ಧ ಕೊಳೆತದ್ದನ್ನ ಮಡಿಗೆ ಹಾಕಿದರೆ ಅದು ಅಲ್ಲೇ ಕೊಳೆಯೋಕೆ ಕೂತು ಮಣ್ಣಿನ ಸಾರಜನಕವನ್ನ ತಾನೇ ಎಳೆದುಕೊಳ್ಳುತ್ತೆ, ಸಸಿ ಹಳದಿಗೆ ತಿರುಗುತ್ತೆ. ಅನುಮಾನ ಬಂದರೆ ಒಂದು ತಟ್ಟೆಯಲ್ಲಿ ಗೊಬ್ಬರ ಹರಡಿ ನಾಲ್ಕು ಕಾಳು ಮೆಂತ್ಯ ಚೆಲ್ಲಿ. ಚೆನ್ನಾಗಿ ಎದ್ದರೆ ಗೊಬ್ಬರ ಪಕ್ವ. ಮಡಿಗೆ ಎರಡು ಮೂರು ಅಂಗುಲ ದಪ್ಪ ಹರಡಿ ಮೇಲ್ಮಣ್ಣಿಗೆ ಬೆರೆಸಿಬಿಟ್ಟರೆ ದಂಟು, ಪಾಲಕ್, ಬದನೆ ಎಲ್ಲಕ್ಕೂ ಆಗುತ್ತೆ. ಕುಂಡಕ್ಕಾದರೆ ಮೂರರಲ್ಲೊಂದು ಪಾಲು ಸಾಕು. ಬರೀ ಗೊಬ್ಬರದಲ್ಲೇ ಗಿಡ ನೆಟ್ಟರೆ ನೀರು ಹಿಡಿದು ಬೇರು ಕೊಳೆಯುತ್ತೆ. ಇರೋ ಗಿಡಕ್ಕೆ ಕೊಡುವಾಗ ಬುಡಕ್ಕೆ ಒತ್ತಬೇಡಿ, ಒಂದು ಗೇಣು ಬಿಟ್ಟು ಸುತ್ತ ಪಾತಿಯಲ್ಲಿ ಹಾಕಿ. ತಿಪಟೂರಿನಲ್ಲಿ ತೆಂಗಿನ ಮರಕ್ಕೇ ದೂರ ಬಿಟ್ಟು ಹಾಕ್ತಾರೆ, ಇನ್ನು ಗುಲಾಬಿ ಯಾವ ಲೆಕ್ಕ.

ಮನೆಗುಂಡಿಯ ಇನ್ನೊಂದು ತಮಾಷೆ, ಅದರೊಳಗಿನ ಬೀಜ ಸಾಯೋದಿಲ್ಲ. ಹೋವರ್ಡ್ ಸಾಹೇಬರ ದೊಡ್ಡ ಗುಂಡಿಗಳಲ್ಲಿ ಶಾಖ ಅರವತ್ತು ಡಿಗ್ರಿ ಮುಟ್ಟುತ್ತೆ, ಕಳೆಬೀಜವೆಲ್ಲ ಬೆಂದುಹೋಗುತ್ತೆ. ಅಷ್ಟು ಬಿಸಿ ಏರಬೇಕಾದರೆ ಉದ್ದ, ಅಗಲ, ಎತ್ತರ ಮೂರೂ ಮೂರು ಮೂರಡಿಯಾದರೂ ಇರಬೇಕು. ನಮ್ಮ ಕುಂಡ ಗಿಂಡಗಳಿಗೆ ಅಷ್ಟು ಕಾವು ಎಲ್ಲಿಂದ? ಹಾಗಾಗಿ ಗೊಬ್ಬರ ಹಾಕಿದ ಕಡೆಯೆಲ್ಲ ಕೇಳದೆಯೇ ಟೊಮೇಟೊ ಏಳುತ್ತೆ, ಪರಂಗಿ ಏಳುತ್ತೆ, ಮಾವಿನ ಓಟೆ ಕೆಂಪು ಚಿಗುರು ಬಿಟ್ಟುಕೊಂಡು ನಿಂತುಬಿಡುತ್ತೆ. ಬಿತ್ತಿದ ಬೀನ್ಸಿಗಿಂತ ಬಿತ್ತದ ಟೊಮೇಟೊನೇ ಸೊಂಪು, ಇದೊಂದು ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಕ್ಕದ ಮನೆಯವರೇ, ಈಗ ನಿಮ್ಮ ಕಡೆ ಗೋಡೆ ದಾಟಿ ಬಂದು ನಿಮ್ಮ ಬಟ್ಟೆ ಒಣಹಾಕೋ ತಂತಿ ಹಿಡಿದಿದೆಯಲ್ಲ, ಆ ಕುಂಬಳ ಬಳ್ಳಿನೂ ಹಾಗೇ ಹುಟ್ಟಿದ್ದು. ಯಾವ ಹುಳಿಗೆ ತಂದ ಕುಂಬಳಕಾಯಿನೋ ಯಾರಿಗೆ ಗೊತ್ತು. ನಿಮ್ಮ ಕಡೆ ಬಿಟ್ಟ ಕಾಯಿ ನಿಮ್ಮದೇ, ಅದರಲ್ಲಿ ಮಾತಿಲ್ಲ. ಬಳ್ಳಿ ಬೇರು ನಮ್ಮ ಕಡೆ ಇದೆ ಅಂತ ಪಂಚಾಯ್ತಿ ಸೇರಿಸೋಕೆ ನಾವೇನು ತಿಪ್ಪೆ ಜಗಳದವರಾ?

ಅಡುಗೆಮನೆ ಹಿತ್ತಲು ಎರಡೂ ಬೇರೆಬೇರೆ ಅಂತ ನಾವು ಅಂದುಕೊಂಡದ್ದು ಈಚೆಗೆ. ಇಮ್ಮಡಿ ಚಾವುಂಡರಾಯ ಅನ್ನೋ ಕವಿ ಹತ್ತಿರಹತ್ತಿರ ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ ಕನ್ನಡದಲ್ಲಿ ‘ಲೋಕೋಪಕಾರ’ ಅಂತ ಬರೆದ. ಅದರಲ್ಲಿ ಗಿಡಮರಗಳ ಆರೈಕೆ ಹೇಳೋ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ, ಅಡುಗೆಯ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯ. ಎರಡಕ್ಕೂ ಒಂದೇ ರಟ್ಟು! ಈಗ ಅಡುಗೆ ಪುಸ್ತಕ ಒಂದು ಕಪಾಟಿನಲ್ಲಿ, ತೋಟದ ಪುಸ್ತಕ ಇನ್ನೊಂದರಲ್ಲಿ, ಮಧ್ಯೆ ಕಸದ ಗಾಡಿ.

ಮೊನ್ನೆ ಮತ್ತೆ ಚರ್ಚೆ ನಡೀತು. ನಮ್ಮನೆಯವರು ತಿರುವಿದ ಗುಂಡಿ ಒಂದು, ನಾನು ಸಾರಿಸಿ ಬಿಟ್ಟ ಗುಂಡಿ ಒಂದು, ಎರಡರ ಗೊಬ್ಬರವನ್ನೂ ಮಡಿಯ ಎರಡು ಪಕ್ಕಕ್ಕೆ ಹಾಕಿ ಮೆಂತ್ಯ ಬಿತ್ತಿದೆವು. ಅವರದು ತಿಂಗಳುಗಟ್ಟಲೆ ಮುಂಚೆ ತಯಾರಾಗಿತ್ತು, ಒಪ್ಪಿಕೊಳ್ತೀನಿ. ನನ್ನದು ತಡ, ಆದರೆ ಗುದ್ದಲಿ ಮುಟ್ಟಲಿಲ್ಲ. ಸೊಪ್ಪು ಎರಡೂ ಕಡೆ ಒಂದೇ ಎತ್ತರ ಬಂತು. ಅತ್ತೆ ಎರಡನ್ನೂ ಒಟ್ಟಿಗೆ ಕೊಯ್ದು ಮೆಂತ್ಯದ ಬಾತ್ ಮಾಡಿಬಿಟ್ಟರು. ಯಾವುದು ಯಾವ ಪಕ್ಷದ್ದು ಅಂತ ನಾಲಿಗೆಗಂತೂ ಗೊತ್ತಾಗಲಿಲ್ಲ. ಕಾಯೋಕಾಗದವರಿಗೆ ಇಂದೂರು, ಬಗ್ಗೋಕಾಗದವರಿಗೆ ಬೆಂಗಳೂರು. ಎಲೆ ಇಲ್ಲದವರಿಗೆ ಎರಡೂ ಇಲ್ಲ.

ಅದಕ್ಕೇ ನಿಮ್ಮ ಹತ್ತಿರ ಕೇಳಿಕೊಳ್ಳೋದು ಒಂದೇ. ಶಿವರಾತ್ರಿ ಹೊತ್ತಿಗೆ ನಿಮ್ಮ ಗೇಟಿನ ಮುಂದಿನ ಹೊಂಗೆ ಮರ ಎಲೆ ಉದುರಿಸೋಕೆ ಶುರುಮಾಡುತ್ತೆ. ಗುಡಿಸಿ ಗುಡ್ಡೆ ಮಾಡಿದ ಮೇಲೆ ಕಡ್ಡಿ ಗೀರಬೇಡಿ. ಅಕ್ಕಿ ಚೀಲಕ್ಕೆ ತುಂಬಿ ಗೇಟಿನ ಹತ್ತಿರ ಇಟ್ಟುಬಿಡಿ, ನಾನೇ ಬಂದು ಎತ್ತಿಕೊಂಡು ಹೋಗ್ತೀನಿ. ಖಾಲಿ ಚೀಲ ಸಂಜೆಯೊಳಗೆ ವಾಪಸ್ಸು.